ಗುಬ್ಬಿಕಾಲಿನ ಕೋಟು

ಮೊಮ್ಮಗಳ ತಲೆಗೆ ಯಾರು ಹುಳ ಬಿಟ್ಟರೋ ಕಾಜಮ್ಮನಿಗೆ ತಿಳಿಯದು. ಒಂದು ವರ್ಷದಿಂದ ಆ ಹುಡುಗಿ ಹೊಸ ಬಟ್ಟೆ ಕೊಳ್ಳುವುದನ್ನೇ ಬಿಟ್ಟಿದ್ದಳು. ಎಲ್ಲಿಂದಲೋ ಹಳೆಯದನ್ನು ಹುಡುಕಿ ತರುತ್ತಿದ್ದಳು, ಅದೂ ತನ್ನ ಅಜ್ಜಿ ಹರೆಯದಲ್ಲಿದ್ದಾಗ ಊರಿನ ಉಳ್ಳವರ ಮನೆ ಹೆಂಗಸರು ತೊಡುತ್ತಿದ್ದಂಥದ್ದು. ಸೊಂಟಕ್ಕೆ ಬಿಗಿದು ಕೆಳಗೆ ಛತ್ರಿಯಂತೆ ಅರಳುವ ಫ್ರಾಕು, ಬೊಟ್ಟು ಬೊಟ್ಟಿನ ಅಂಗಿ, ಮೊಣಕೈಯವರೆಗೆ ಬರುವ ಕೈಗವಸು, ಗಲ್ಲದ ಕೆಳಗೆ ಗಂಟು ಹಾಕುವ ತಲೆವಸ್ತ್ರ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕುಳಿತು ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸ ಅವಳದು. ಬಂದವರು ಇವಳ ವೇಷ ನೋಡಿ ತಾವಾಗಿಯೇ ಬಾಯಿ ತೆರೆಯುತ್ತಾರೆ, ಡಾಕ್ಟರಿಗೆ ಅಷ್ಟು ಕೆಲಸ ಕಡಿಮೆ ಎಂದು ಸೊಸೆ ನಗುತ್ತಿದ್ದಳು.

ಕಾಜಮ್ಮನಿಗೆ ನಗು ಬರುತ್ತಿರಲಿಲ್ಲ. ಎಪ್ಪತ್ತೆರಡು ವರ್ಷದಲ್ಲಿ ಅವಳು ಕಲಿತ ಒಂದು ಪಾಠವೆಂದರೆ, ಬಟ್ಟೆಗೆ ನಾಲಿಗೆ ಇಲ್ಲದಿದ್ದರೂ ನೆನಪು ಇರುತ್ತದೆ ಎಂಬುದು. ಯಾರು ಹಾಕಿದ್ದರೋ, ಏನಾಗಿ ಹೋದರೋ, ಸತ್ತವರ ಬೆವರು ಎಷ್ಟು ಒಗೆದರೂ ಹೋಗುವುದಿಲ್ಲ ಎಂದು ಅವಳು ಒಮ್ಮೆ ಗದರಿದ್ದಳು. ಅಂದಿನಿಂದ ಮೊಮ್ಮಗಳು ಯಾವ ಬಟ್ಟೆ ಎಲ್ಲಿಂದ ಬಂತೆಂದು ಹೇಳುವುದನ್ನೇ ನಿಲ್ಲಿಸಿದ್ದಳು. ಕೇಳಿದರೆ ಸ್ನೇಹಿತೆ ಕೊಟ್ಟಳು ಎನ್ನುತ್ತಿದ್ದಳು. ಯಾವ ಸ್ನೇಹಿತೆ ಎಂದರೆ, ನಿಮಗೆ ಗೊತ್ತಿಲ್ಲ ಬಿಡಿ ಅಜ್ಜಿ ಎನ್ನುತ್ತಿದ್ದಳು. ಬಚ್ಚಿಡಲು ಏನೂ ಇಲ್ಲದವರು ಹಾಗೆ ಹೇಳುತ್ತಾರೆಯೇ ಎಂದು ಕಾಜಮ್ಮ ತನ್ನಲ್ಲೇ ಗೊಣಗಿಕೊಳ್ಳುತ್ತಿದ್ದಳು.

ಕಾಜಮ್ಮ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಹದಿನೈದು ವರ್ಷದವಳಿದ್ದಾಗಲೇ ಹೆಂಗಸರ ಉಡುಪಿನ ಅಂಗಡಿಯೊಂದರಲ್ಲಿ ಗುಂಡಿ ತೂರಿಸುವ ಕಾಜ ಹೊಲಿಯಲು ಕುಳಿತವಳು ಅವಳು. ಅಲ್ಲಿಯವರು ಪ್ರೀತಿಗೋ ಕುಚೋದ್ಯಕ್ಕೋ ಇಟ್ಟ ಹೆಸರು ಹೆಸರಾಗಿಯೇ ಉಳಿಯಿತು. ಈಗಲೂ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಬೀದಿಯವರ ಬಟ್ಟೆಗಳ ಅಂಚು ಬಿಚ್ಚಿ ಉದ್ದ ಮಾಡುತ್ತಾಳೆ, ಹರಿದದ್ದನ್ನು ಕೂಡಿಸುತ್ತಾಳೆ. ಅವಳ ಕಾಜಕ್ಕೊಂದು ಗುರುತಿತ್ತು. ಕಾಜ ಮುಗಿಯುವ ತುದಿಯಲ್ಲಿ ಎಲ್ಲರೂ ಒಂದು ಅಡ್ಡ ಹೊಲಿಗೆ ಹಾಕಿ ದಾರ ಕತ್ತರಿಸುತ್ತಾರೆ. ಅವಳು ಮೂರು ಹಾಕುತ್ತಿದ್ದಳು, ಮೂರೂ ಒಂದೇ ಬಿಂದುವಿನಿಂದ ಹೊರಟು ಅಗಲವಾಗುವಂತೆ. ನೋಡಿದವರಿಗೆ ಮಣ್ಣಿನ ಮೇಲೆ ಗುಬ್ಬಿ ಕಾಲಿಟ್ಟು ಹೋದ ಹಾಗೆ ಕಾಣುತ್ತಿತ್ತು. ಅದು ಅಂದಕ್ಕಲ್ಲ, ಎಳೆದರೂ ಬಿಚ್ಚದಿರಲೆಂದು. ಊರಿನಲ್ಲಿ ಇನ್ನಾರೂ ಹಾಗೆ ಹಾಕುತ್ತಿರಲಿಲ್ಲ.

ಚಳಿ ಶುರುವಾದ ವಾರ ಮೊಮ್ಮಗಳು ಕೋಟೊಂದನ್ನು ತೊಟ್ಟು ಒಳಗೆ ಬಂದಳು. ಪಾಚಿಹಸಿರು ಉಣ್ಣೆ, ಭುಜದವರೆಗೆ ಚಾಚಿದ ಅಗಲ ಕಾಲರು, ಅದೇ ಬಟ್ಟೆ ಹೊದಿಸಿದ ದೊಡ್ಡ ಗುಂಡಿಗಳು. ಹೇಗಿದೆ ಎಂದು ಒಂದು ಸುತ್ತು ತಿರುಗಿದಳು. ಕೋಟಿನ ಕೆಳಭಾಗ ಗಾಳಿ ತುಂಬಿ ಅರಳಿತು. ಕಾಜಮ್ಮನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು.

ಹತ್ತಿರ ಬಾ ಎಂದಳು. ದಾರದ ಎಳೆಯೊಂದು ಅಂಟಿದೆ ಎಂಬ ನೆಪ ಹೇಳಿ ಮೇಲಿನ ಗುಂಡಿಯನ್ನು ಬಿಚ್ಚಿದಳು. ಕಾಜದ ತುದಿಯಲ್ಲಿ ಗುಬ್ಬಿಕಾಲು. ಎರಡನೆಯದರಲ್ಲೂ ಗುಬ್ಬಿಕಾಲು. ಕನ್ನಡಕ ಒರೆಸಿಕೊಂಡು ಮೂರನೆಯದನ್ನು ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿದಳು.

"ಇದು ಎಲ್ಲಿ ಸಿಕ್ತು?"

"ಸ್ನೇಹಿತೆ ಕೊಟ್ಟಳು ಅಜ್ಜಿ."

"ಅವಳಿಗೆ ಯಾರು ಕೊಟ್ಟರು?"

ಮೊಮ್ಮಗಳು ನಕ್ಕು, ಪೊಲೀಸರ ಹಾಗೆ ಕೇಳ್ತೀರಲ್ಲ ಎಂದು ಒಳಗೆ ಹೋದಳು. ಕಾಜಮ್ಮ ಮತ್ತೆ ಸೂಜಿ ಹಿಡಿದಳು. ಆದರೆ ಹೊಲಿಗೆ ಸಾಲು ತಪ್ಪಿತು.

ಆ ಕೋಟು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಲವತ್ತೆಂಟು ವರ್ಷದ ಹಿಂದೆ ಅಂಗಡಿಯಿಂದ ಕಾಣೆಯಾದ ಕೋಟು ಅದು. ಅದನ್ನು ಕದ್ದಳೆಂದು ಜೊತೆಗೆ ಕೆಲಸ ಮಾಡುತ್ತಿದ್ದ ಉದ್ದಕ್ಕನನ್ನು ಕೆಲಸದಿಂದ ತೆಗೆದಿದ್ದರು. ತೆಗೆದದ್ದು ಕಾಜಮ್ಮನ ಒಂದು ಮಾತಿನ ಮೇಲೆ.

ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರು ಮಾಸ್ಟರು, ಅಂಗಡಿ ಅವರದೇ. ಮಷೀನಿನ ಮೇಲೆ ಮೂವರು. ಕಾಜ, ಗುಂಡಿ, ಅಂಚು ಕಾಜಮ್ಮನದು. ಇಸ್ತ್ರಿ ಮಾಡುವುದೂ ಮನೆಮನೆಗೆ ತಲುಪಿಸುವುದೂ ಉದ್ದಕ್ಕನದು. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಉದ್ದ ಇದ್ದವಳು. ಮೇಲೆ ಮೋಡ ಇದೆಯೇ ಎಂದು ಕುಳ್ಳಗಿದ್ದವರು ಅವಳನ್ನು ತಮಾಷೆಗೆ ಕೇಳುತ್ತಿದ್ದರು. ಅವಳೂ ಕಾಜಮ್ಮನೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು. ಉದ್ದಕ್ಕನ ಇಸ್ತ್ರಿ ಮೇಜು ಕಿಟಕಿಯ ಪಕ್ಕ ಇತ್ತು, ಹಬೆ ಹೊರಗೆ ಹೋಗಲೆಂದು. ಕಾಜಮ್ಮ ಹಿಂದಿನ ಗೋಡೆಗೆ ಒರಗಿ ಮಂಕು ಬಲ್ಬಿನ ಕೆಳಗೆ ಕಣ್ಣು ಕಿರಿದು ಮಾಡಿಕೊಂಡು ಹೊಲಿಯುತ್ತಿದ್ದಳು.

ಕಾಯಂ ಗಿರಾಕಿಗಳಿಗೆಲ್ಲ ಒಂದೊಂದು ನಂಬರು. ಮಾಸ್ಟರು ಚೀಟಿಯಲ್ಲಿ ನಂಬರು ಬರೆದು ಕೊಟ್ಟರೆ ಅದನ್ನು ಒಳಜೇಬಿನ ಕೆಳಗೆ ಅಸ್ತರಿನ ಮೇಲೆ ಕೆಂಪು ದಾರದಲ್ಲಿ ಹೊಲಿಯುವುದು ಕಾಜಮ್ಮನ ಪಾಲಿನ ಕೊನೆಯ ಕೆಲಸ. ಉದ್ದಕ್ಕ ಆ ನಂಬರು ನೋಡಿಯೇ ಮನೆ ಹುಡುಕುತ್ತಿದ್ದಳು. ಆರನೇ ನಂಬರು ಆಸ್ಪತ್ರೆಯ ದೊಡ್ಡ ಡಾಕ್ಟರ ಹೆಂಡತಿ. ಹಸಿರು ಕೋಟು ಅವರದು. ಅದು ಅವರ ಮನೆ ಸೇರಲಿಲ್ಲ. ಮಾಸ್ಟರು ಕೇಳಿದಾಗ ಉದ್ದಕ್ಕ, ಕೋಟಿನ ಮೇಲೆ ಒಂಬತ್ತು ಎಂದಿತ್ತು, ಒಂಬತ್ತರ ಮನೆಯಲ್ಲಿ ಕೊಟ್ಟು ಬಂದೆ ಎಂದಳು. ಒಂಬತ್ತರವರು ಆ ವರ್ಷ ಏನನ್ನೂ ಹೊಲಿಯಲು ಕೊಟ್ಟಿರಲಿಲ್ಲ. ಜನ ಕಳಿಸಿ ಕೇಳಿಸಿದರೆ, ತಮಗೆ ಯಾವ ಕೋಟೂ ಬಂದಿಲ್ಲ ಎಂಬ ಉತ್ತರ ಬಂತು. ಆಗ ಮಾಸ್ಟರು ಕಾಜಮ್ಮನ ಕಡೆ ತಿರುಗಿ, ನೀನು ಹೊಲಿದ ನಂಬರು ಎಷ್ಟು ಎಂದು ಕೇಳಿದರು.

ಆರು ಎಂದಳು. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಮಾಸ್ಟರ ಕಣ್ಣು ಇನ್ನೂ ತನ್ನ ಮೇಲೇ ಇತ್ತೆಂದು, ಅವತ್ತು ಹೋಗುವಾಗ ಅವಳ ಚೀಲ ದಪ್ಪಗಿತ್ತು ಎಂದೂ ಸೇರಿಸಿದಳು. ಉದ್ದಕ್ಕ ಅವಳನ್ನೊಮ್ಮೆ ನೋಡಿ, ತನ್ನ ಊಟದ ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಇಸ್ತ್ರಿ ಮೇಜನ್ನು ಹಿಂದಿನ ಕೋಣೆಗೆ ತಳ್ಳಿದರು. ಕಿಟಕಿ ಕಾಜಮ್ಮನಿಗೆ ಸಿಕ್ಕಿತು. ಅದೇ ಊರಲ್ಲಿ, ನಾಲ್ಕು ಬೀದಿಯಾಚೆ ಇದ್ದುಕೊಂಡು ಇಬ್ಬರೂ ಮುದುಕಿಯರಾದರು. ಎದುರಾದರೆ ಒಬ್ಬಳು ಬೀದಿಯ ಆಚೆ ಬದಿಗೆ ಹೋಗುತ್ತಿದ್ದಳು.

ಈಗ ಆ ಕೋಟು ತನ್ನ ಮೊಮ್ಮಗಳ ಮೈಮೇಲೆ ಬಂದು ಕೂತಿದೆ. ಹಾಗಾದರೆ ಇಷ್ಟು ವರ್ಷ ಎಲ್ಲಿತ್ತು? ಮತ್ತೆಲ್ಲಿ, ಉದ್ದಕ್ಕನ ಟ್ರಂಕಿನಲ್ಲಿ. ಉದ್ದಕ್ಕನಿಗೆ ಮೊಮ್ಮಗಳಿರಬಹುದು, ಆ ಮೊಮ್ಮಗಳೇ ಈ ಹೆಸರಿಲ್ಲದ ಸ್ನೇಹಿತೆ ಇರಬಹುದು. ಕದ್ದ ಮಾಲನ್ನು ಈ ಮನೆಗೇ ದಾಟಿಸಿ ತಮಾಷೆ ನೋಡುತ್ತಿದ್ದಾರೆ. ಕಾಜಮ್ಮ ಹೀಗೆ ಒಂದಕ್ಕೊಂದು ಹೊಲಿಯುತ್ತ ಹೋದಳು. ಹೊಲಿಗೆ ಗಟ್ಟಿಯಾಗಿಯೇ ಬಂತು. ನಾನು ಆಡಿದ ಮಾತು ಸರಿಯಾಗಿತ್ತು, ಇಷ್ಟು ವರ್ಷದ ಮೇಲೆ ಸಾಕ್ಷಿ ತಾನಾಗಿ ಮನೆಗೆ ನಡೆದು ಬಂತು ಎಂದು ಮನಸ್ಸಿಗೆ ಸಮಾಧಾನವೂ ಆಗಬೇಕಿತ್ತು. ಆಗಲಿಲ್ಲ.

ಮರುದಿನ ಬೆಳಿಗ್ಗೆ ಮೊಮ್ಮಗಳು ಸ್ನಾನಕ್ಕೆ ಹೋದಾಗ ಕೋಟು ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ಕಾಜಮ್ಮ ಹೋಗಿ ಕಾಲರು ಮುಟ್ಟಿದಳು, ತೋಳು ಮುಟ್ಟಿದಳು. ಕೈ ಒಳಜೇಬಿನವರೆಗೆ ಹೋಯಿತು. ಅದರ ಕೆಳಗೆ ನಂಬರು ಇರಬೇಕು. ನೋಡುವುದೇನಿದೆ, ಆರು ಇರುತ್ತದೆ ಎಂದುಕೊಂಡು ಕೈಯನ್ನು ಹಿಂದಕ್ಕೆ ತೆಗೆದಳು. ಸ್ನಾನದ ಮನೆಯಲ್ಲಿ ನೀರು ಇನ್ನೂ ಬೀಳುತ್ತಲೇ ಇತ್ತು, ಯಾರೂ ಅವಳನ್ನು ಅವಸರ ಮಾಡಿರಲಿಲ್ಲ.

ಕೈ ಹಿಂದೆ ಸರಿಯಲು ಕಾರಣವಿತ್ತು. ಅದನ್ನು ಅವಳು ಗಂಡನಿಗೂ ಹೇಳಿದವಳಲ್ಲ. ಅಂಗಡಿಯಲ್ಲಿದ್ದ ಅಷ್ಟೂ ವರ್ಷ ಕಾಜಮ್ಮನಿಗೆ ಓದಲು ಬರುತ್ತಿರಲಿಲ್ಲ. ಅಕ್ಷರವೂ ಇಲ್ಲ, ಅಂಕಿಯೂ ಇಲ್ಲ. ಮಾಸ್ಟರ ಚೀಟಿಯನ್ನು ಎಲ್ಲರ ಮುಂದೆ ಓದುವವರ ಹಾಗೆ ಹಿಡಿದು, ಅದರ ಮೇಲಿನ ಗೆರೆಯನ್ನು ಹೂಬಳ್ಳಿಯ ಚಿತ್ರ ನೋಡಿ ಕಸೂತಿ ಹಾಕಿದಂತೆ ದಾರದಲ್ಲಿ ಇಳಿಸುತ್ತಿದ್ದಳು. ಚೀಟಿ ಕೊಡುವಾಗ ಮಾಸ್ಟರು ಬಾಯಲ್ಲೂ ಹೇಳುತ್ತಿದ್ದರು, ಅದನ್ನು ನೆನಪಿಟ್ಟುಕೊಳ್ಳುತ್ತಿದ್ದಳು. ಐವತ್ತು ದಾಟಿದ ಮೇಲೆ, ಸೊಸೆ ಬಂದು ಮನೆಗೆಲಸ ಹಗುರವಾದ ಮೇಲೆ, ದೊಡ್ಡವರಿಗಾಗಿ ನಡೆಸುತ್ತಿದ್ದ ಸಂಜೆ ತರಗತಿಗೆ ಸೇರಿ ಅಕ್ಷರ ಕಲಿತಳು. ಅಂಕಿ ಕಲಿಸುವ ದಿನ ಟೀಚರು ೬ ಮತ್ತು ೯ನ್ನು ಪಕ್ಕಪಕ್ಕದಲ್ಲಿ ಬರೆದು, ಇವು ಅಕ್ಕತಂಗಿಯರು, ಬಾಲ ನೋಡಿ ಗುರುತು ಹಿಡಿಯಿರಿ, ಬಾಲ ತಪ್ಪಿದರೆ ಲೆಕ್ಕವೇ ತಪ್ಪಿತು ಎಂದರು. ಆಗ ಕಾಜಮ್ಮನ ಎದೆಯಲ್ಲಿ ಏನೋ ಚುಚ್ಚಿತ್ತು. ರವಿಕೆಗೆ ಸಿಕ್ಕಿಸಿಕೊಂಡ ಸೂಜಿ ಇರಬೇಕು ಎಂದುಕೊಂಡು ಸುಮ್ಮನಾಗಿದ್ದಳು. ರವಿಕೆಯಲ್ಲಿ ಅಂದು ಸೂಜಿ ಇರಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕಾಜಮ್ಮ ಹೆಗಲು ಮುಟ್ಟಿಕೊಳ್ಳಲಿಲ್ಲ. ಮೊಮ್ಮಗಳ ಹಿಂದೆ ಬಿದ್ದಳು.

ಭಾನುವಾರ ಮಧ್ಯಾಹ್ನ ಹುಡುಗಿ ಕೋಟು ತೊಟ್ಟು ಹೊರಟಾಗ, ದಾರದ ಉಂಡೆ ತರಬೇಕೆಂದು ಸೊಸೆಗೆ ಹೇಳಿ ಇವಳೂ ಹೊರಟಳು. ಎಪ್ಪತ್ತೆರಡರ ಕಾಲಿಗೆ ಇಪ್ಪತ್ತಮೂರರ ಕಾಲನ್ನು ಹಿಡಿಯುವುದು ಸಾಧ್ಯವೇ? ಆದರೆ ಹಸಿರು ಕೋಟು ಇಡೀ ಬೀದಿಗೆ ಒಂದೇ ಇತ್ತು, ಜನ ತಿರುಗಿ ತಿರುಗಿ ನೋಡುತ್ತಿದ್ದರು. ಅವರ ಕತ್ತು ತಿರುಗಿದ ಕಡೆಗೆ ಕಾಜಮ್ಮ ನಡೆದಳು. ಉದ್ದಕ್ಕನ ಬೀದಿಯ ತಿರುವು ಬಂದಾಗ ಉಸಿರು ಬಿಗಿ ಹಿಡಿದಳು. ಕೋಟು ಆ ಕಡೆ ತಿರುಗಲಿಲ್ಲ. ನೇರ ಹೋಗಿ, ಗಡಿಯಾರ ರಿಪೇರಿಯವನ ಪಕ್ಕದ ಮೆಟ್ಟಿಲು ಹತ್ತಿತು.

ಮೇಲೆ ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಕೊಕ್ಕೆಗಳಿಗೆ ತೂಗಿದ ಹಳೆಯ ಉಡುಪು, ಮೂಲೆಯಲ್ಲಿ ನಿಲುವುಗನ್ನಡಿ, ಅದರ ಮುಂದೆ ನಾಲ್ಕೈದು ಹುಡುಗಿಯರು. ಎಲ್ಲರೂ ಕಾಜಮ್ಮನ ಹರೆಯದಿಂದ ಎದ್ದು ಬಂದವರ ಹಾಗಿದ್ದರು. ಒಬ್ಬಳ ಕೂದಲನ್ನು ಇನ್ನೊಬ್ಬಳು ಸುರುಳಿ ಮಾಡಿ ಪಿನ್ನು ಚುಚ್ಚುತ್ತಿದ್ದಳು. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ಅಜ್ಜಿಯನ್ನು ಕಂಡು ಮೊಮ್ಮಗಳ ಮುಖ ಬಿಳಿಚಿತು. ಇದು ಹಳೆಬಟ್ಟೆಯ ಅಂಗಡಿ, ಸತ್ತವರ ಬಟ್ಟೆ ಎಂದು ಬೈಯುತ್ತೀರೆಂದು ಹೇಳಲಿಲ್ಲ ಎಂದು ತೊದಲಿದಳು. ಅಂಗಡಿಯಾಕೆ ಐವತ್ತರ ಆಸುಪಾಸಿನವಳು, ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟಳು.

ಕಾಜಮ್ಮ ನೀರು ಕುಡಿದು ಲೋಟ ಕೆಳಗಿಡುವ ಮೊದಲೇ ಕೇಳಿದಳು, ಆ ಕೋಟು ತಂದುಕೊಟ್ಟವರು ಉದ್ದಗಿದ್ದರೇ ಎಂದು.

ಅಂಗಡಿಯಾಕೆಗೆ ಅರ್ಥವಾಗಲಿಲ್ಲ. ಯಾರೂ ತಂದುಕೊಡಲಿಲ್ಲ ಎಂದಳು. ಅದು ತನಗೆ ಹಾಡು ಕಲಿಸಿದ ಸಂಗೀತದ ಟೀಚರ ಕೋಟು. ಒಂಟಿ ಹೆಂಗಸು, ಹೋದ ವರ್ಷ ತೀರಿಕೊಂಡರು. ಬಟ್ಟೆಬರೆಯನ್ನೆಲ್ಲ ಶಿಷ್ಯೆಗೆ ಬಿಟ್ಟಿದ್ದರು, ಈ ಅಂಗಡಿ ಶುರುವಾದದ್ದೇ ಅದರಿಂದ. ಆಮೇಲೆ ಅವಳು ಕಥೆ ಹೇಳುವ ಹುರುಪಿನಲ್ಲಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ಅವರು ಕೊಂಡಿದ್ದಲ್ಲ ಅಜ್ಜಿ ಇದು. ಯಾರೋ ಕಳಿಸಿದ್ದು. ಒಂದು ದಿನ ಅವರು ಬಟ್ಟೆ ಹೊಲಿಸ್ತಿದ್ದ ಅಂಗಡಿಯ ಹೆಂಗಸು ಬಂದು ಕೈಗೆ ಕೊಟ್ಟು ಹೋದಳಂತೆ. ಚೀಟಿ ಇಲ್ಲ, ಹೆಸರಿಲ್ಲ. ಯಾರೋ ಮೆಚ್ಚಿದವರು ಅಂದ್ಕೊಂಡರು. ಆಮೇಲೆ ಅಂಗಡಿ ಕಡೆಯವರು ಕೋಟು ಬಂತಾ ಅಂತ ವಿಚಾರಿಸೋಕೆ ಬಂದರಂತೆ. ಕಳಿಸಿದವರ ಗುಟ್ಟು ರಟ್ಟಾಗುತ್ತೆ ಅಂತ ಹೆದರಿ, ಇಲ್ಲ ಅಂದುಬಿಟ್ಟರಂತೆ. ಕೊನೇವರೆಗೂ ಯಾರು ಕಳಿಸಿದ್ದು ಅಂತ ಗೊತ್ತಾಗಲಿಲ್ಲ. ಚಳಿಗಾಲ ಬಂದರೆ ಇದನ್ನ ತೊಟ್ಟುಕೊಂಡು ಪಾರ್ಕಲ್ಲಿ ಕೂತಿರ್ತಿದ್ದರು, ಯಾರಾದರೂ ಬಂದು ಗುರುತು ಹಿಡೀತಾರೇನೋ ಅಂತ."

ಹುಡುಗಿಯರೆಲ್ಲ ಅಯ್ಯೋ ಪಾಪ ಎಂದರು. ಕಾಜಮ್ಮ ಮಾತ್ರ ಮೊಮ್ಮಗಳ ಕಡೆ ಕೈ ಚಾಚಿ, ಬಿಚ್ಚಿ ಕೊಡು ಎಂದಳು.

ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಒಳಜೇಬನ್ನು ಎತ್ತಿ ಹಿಡಿದಳು. ಅಸ್ತರು ಹಳದಿಗಟ್ಟಿತ್ತು. ಕೆಂಪು ದಾರ ಮಾಸಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಆದರೆ ಹೊಲಿಗೆ ಒಂದಿಷ್ಟೂ ಸಡಿಲಾಗಿರಲಿಲ್ಲ, ಅವಳ ಹೊಲಿಗೆ ಎಂದೂ ಸಡಿಲಾಗುತ್ತಿರಲಿಲ್ಲ. ೯. ಬೆರಳಿಟ್ಟು ಬಾಲದವರೆಗೂ ಸವರಿದಳು. ಬೆಳಕಿಗೆ ಹಿಡಿದು ನೋಡಿದಳು. ೯.

ಆ ದಿನ ಚೀಟಿ ಹಿಡಿದು ಕುಳಿತದ್ದು ನೆನಪಿಗೆ ಬಂತು. ಕೊನೆಯ ತಿರುವು ಎತ್ತ ಎಂಬುದು ಮಂಕು ಬೆಳಕಿನಲ್ಲಿ ಸರಿಯಾಗಿ ಕಂಡಿರಲಿಲ್ಲ. ಕೇಳಿದರೆ ಓದಲು ಬಾರದ್ದು ಬಯಲಾಗುತ್ತದೆ. ಬಾಲ ಎತ್ತ ಬೀಸಿದರೇನು, ಹಸು ಹಸುವೇ ಅಲ್ಲವೇ ಎಂದುಕೊಂಡು ತೋಚಿದ ಕಡೆಗೆ ತಿರುಗಿಸಿ ದಾರ ಕತ್ತರಿಸಿದ್ದಳು.

ಮನೆಗೆ ಬರುವ ದಾರಿಯಲ್ಲಿ ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದಳು. ಓದಲು ಬರುತ್ತಿರಲಿಲ್ಲ ಎಂಬುದನ್ನು ಮೊದಲು ಹೇಳಿದಳು, ಇಲ್ಲದಿದ್ದರೆ ಉಳಿದದ್ದು ಬಾಯಿಂದ ಬರುತ್ತಿರಲಿಲ್ಲ. ಹುಡುಗಿ ಅಜ್ಜಿಯ ತೋಳು ಹಿಡಿದುಕೊಂಡು ನಡೆದಳು.

ಮರುದಿನ ಹನ್ನೊಂದು ಗಂಟೆಗೆ ಕಾಜಮ್ಮ ಹೊರಟಳು. ಕೋಟನ್ನು ಚೀಲದಲ್ಲಿ ಹಾಕಿಕೊಂಡು ಹೋಗಲು ಮನಸ್ಸಾಗಲಿಲ್ಲ. ದಪ್ಪ ಚೀಲದ ಮಾತನ್ನು ಒಮ್ಮೆ ಆಡಿ ಸಾಕಾಗಿತ್ತು. ತೊಟ್ಟುಕೊಂಡೇ ಹೋದಳು. ನೂರಾರು ಕೋಟುಗಳಿಗೆ ಕಾಜ ಹೊಲಿದವಳು, ಒಂದನ್ನೂ ಮೈಮೇಲೆ ಹಾಕಿಕೊಂಡವಳಲ್ಲ. ಮೊಮ್ಮಗಳು ಗುಂಡಿ ಹಾಕಿ, ಕಾಲರು ಸರಿಪಡಿಸಿದ್ದಳು. ಭುಜ ಅಗಲ ಮಾಡಿ ನಡೀರಿ ಅಜ್ಜಿ, ಈ ಕೋಟಿಗೆ ಗೂನು ಬೆನ್ನು ಒಪ್ಪಲ್ಲ ಎಂದಿದ್ದಳು. ಬೀದಿಯ ಜನ ನೋಡಿದರು. ಮೊಮ್ಮಗಳ ಹುಚ್ಚು ಅಜ್ಜಿಗೂ ಅಂಟಿತು ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಅನ್ನಲಿ ಎಂದುಕೊಂಡಳು.

ಉದ್ದಕ್ಕ ಸೈಕಲ್ ಅಂಗಡಿಯ ಮೇಲಿನ ಮನೆಯಲ್ಲಿದ್ದಳು. ಮುಂದಿನ ಕೋಣೆಯಲ್ಲಿ ಈಗಲೂ ಇಸ್ತ್ರಿ ಕೆಲಸ ನಡೆಯುತ್ತಿತ್ತು. ಕಂಬಳಿ ಹಾಸಿದ ಮೇಜು, ಮಡಿಸಿಟ್ಟ ಬಟ್ಟೆಗಳ ರಾಶಿ, ಒಂದೊಂದಕ್ಕೂ ಪಿನ್ನು ಚುಚ್ಚಿದ ಚೀಟಿ. ಮೇಜು ಕಿಟಕಿಯ ಪಕ್ಕದಲ್ಲೇ ಇತ್ತು. ವಯಸ್ಸು ಅವಳ ಉದ್ದದಿಂದ ಒಂದು ಗೇಣು ಕಿತ್ತುಕೊಂಡಿತ್ತು, ನೋಟವನ್ನಲ್ಲ. ಮೊದಲು ಕೋಟನ್ನು ನೋಡಿದಳು, ಆಮೇಲೆ ಅದರೊಳಗಿನ ಮುಖವನ್ನು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು.

"ಕಳ್ಳಮಾಲು ಸಿಕ್ತು ಅಂತ ತೋರಿಸೋಕೆ ಬಂದ್ಯಾ? ಇಲ್ಲ, ಇನ್ನೂ ಏನೇನು ಕದ್ದಿಟ್ಟಿದೀನಿ ಅಂತ ನೋಡೋಕಾ?"

ಕಾಜಮ್ಮ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಕೋಟನ್ನು ಮೇಜಿನ ಮೇಲೆ ಹಾಸಿ ಒಳಜೇಬು ಎತ್ತಿ ತೋರಿಸಿದಳು. "ಒಂಬತ್ತು ಅಂತಿದೆ ಅಕ್ಕ. ನಾನೇ ಹೊಲಿದಿದ್ದು."

"ಅದು ನನಗೆ ಅವತ್ತೇ ಗೊತ್ತು. ಓದಿಯೇ ಅಲ್ವಾ ಕೊಟ್ಟು ಬಂದಿದ್ದು." ಉದ್ದಕ್ಕ ಆ ಅಂಕಿಯ ಕಡೆ ಕಣ್ಣು ಹಾಯಿಸಲೂ ಇಲ್ಲ. "ಗೊತ್ತಿಲ್ಲದೆ ಇರೋದು ಒಂದೇ. ಬೇಕಂತ ಹೊಲಿದ್ಯಾ?"

ಕಾಜಮ್ಮ ತಬ್ಬಿಬ್ಬಾದಳು. ಇಷ್ಟು ವರ್ಷ ಅನುಮಾನ ತನ್ನೊಬ್ಬಳ ಸ್ವತ್ತು ಎಂದುಕೊಂಡಿದ್ದಳು. ಆಚೆ ಕಡೆಯೂ ಒಂದು ಅನುಮಾನ ತನ್ನಷ್ಟೇ ಮುದಿಯಾಗಿ ಕೂತಿದೆಯೆಂದು ಎಣಿಸಿರಲಿಲ್ಲ.

"ನಾನು ಹೋದ ಮೇಲೆ ಕಿಟಕಿ ನಿನಗೆ ಸಿಕ್ತಲ್ಲ," ಎಂದಳು ಉದ್ದಕ್ಕ. "ದಿನಾ ಹೇಳ್ತಿದ್ದೆ ನೀನು, ಬೆಳಕಿಲ್ಲ ಬೆಳಕಿಲ್ಲ ಅಂತ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರೆ. ನನ್ನದು ಕಿಟಕಿಗೆ ಹೋಯ್ತು ಅಂದ್ಕೊಂಡೆ."

"ನನಗಾಗ ಓದೋಕೆ ಬರ್ತಿರಲಿಲ್ಲ."

"ಸುಳ್ಳು. ಚೀಟಿ ಹಿಡ್ಕೊಂಡು ಓದ್ತಾ ಕೂತಿರ್ತಿದ್ದೆ ನೀನು, ನಾನೇ ಕಂಡಿದೀನಿ."

"ಹಿಡ್ಕೊಂಡಿರ್ತಿದ್ದೆ ಅಕ್ಕ. ಓದ್ತಿರಲಿಲ್ಲ."

ಉದ್ದಕ್ಕ ಅವಳನ್ನು ದಿಟ್ಟಿಸಿದಳು. ಗಿರಾಕಿ ತಂದ ಬಟ್ಟೆಯಲ್ಲಿ ಸುಟ್ಟ ಕಲೆ ಮೊದಲೇ ಇತ್ತೋ ಆಮೇಲೆ ಆದದ್ದೋ ಎಂದು ಪರೀಕ್ಷಿಸುವ ನೋಟ ಅದು. ಆಮೇಲೆ ಕಿಟಕಿಯ ದಂಡೆಯಿಂದ ಗುರುತು ಹಾಕುವ ಸೀಮೆಸುಣ್ಣದ ತುಂಡೊಂದನ್ನು ತೆಗೆದು ಕಾಜಮ್ಮನ ಮುಂದಿಟ್ಟಳು.

"ಆರು ಬರಿ. ಯೋಚನೆ ಮಾಡಬೇಡ, ಬರಿ."

ಈಗ ಬರುತ್ತದೆ, ಆಮೇಲೆ ಕಲಿತೆ ಎಂದು ಹೇಳಬೇಕೆಂದುಕೊಂಡಳು ಕಾಜಮ್ಮ. ಹೇಳಲಿಲ್ಲ. ಮೇಜಿನ ಕಂಬಳಿಯ ಮೇಲೆ ಬಾಗಿ ಗೆರೆ ಎಳೆದಳು. ಮೊದಲ ತಿರುವು ಸಲೀಸಾಗಿ ಬಂತು, ಎರಡನೆಯದೂ ಬಂತು. ಬಾಲದ ಹತ್ತಿರ ಕೈ ನಿಂತಿತು. ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದರೂ ಪ್ರತಿ ಸಲ ಅಲ್ಲಿ ಅರೆಗಳಿಗೆ ನಿಲ್ಲುವ ಕೈ ಅದು. ಇಂದು ಅರೆಗಳಿಗೆಯಲ್ಲಿ ಮುಗಿಯಲಿಲ್ಲ. ಸೀಮೆಸುಣ್ಣ ಇತ್ತ ಹೊರಟು ಅತ್ತ ಹೊರಳಿ, ಎತ್ತಲೂ ಹೋಗದೆ ಕಂಬಳಿಯ ಮೇಲೆ ಒಂದು ಬಿಳಿ ಚುಕ್ಕೆಯನ್ನು ದಪ್ಪ ಮಾಡುತ್ತ ನಿಂತಿತು.

ಉದ್ದಕ್ಕ ಆ ಚುಕ್ಕೆಯನ್ನೇ ಬಹಳ ಹೊತ್ತು ನೋಡಿದಳು. ಕೊನೆಗೆ ಕೈ ಚಾಚಿ ಕಾಜಮ್ಮನ ಮಣಿಕಟ್ಟು ಹಿಡಿದಳು. ಇಸ್ತ್ರಿಯ ಬಿಸಿಗೆ ಕಾಯಿಕಟ್ಟಿದ ಕೈ. "ಈ ಕಡೆ," ಎಂದು ಬಾಲವನ್ನು ತಿರುಗಿಸಿದಳು.

ಆರು ಪೂರ್ತಿಯಾಯಿತು. ಕಾಜಮ್ಮ ಕಣ್ಣೊರೆಸಿಕೊಳ್ಳಲು ಸೆರಗು ಹುಡುಕುತ್ತಿದ್ದಾಗ ಉದ್ದಕ್ಕ ಮಣಿಕಟ್ಟು ಬಿಟ್ಟಳು.

"ಬಾಲದ್ದು ಸರಿ, ಒಪ್ಪಿದೆ. ಚೀಲದ್ದು? ಚೀಲ ದಪ್ಪಗಿತ್ತು ಅಂದ್ಯಲ್ಲ, ಅದಕ್ಕೂ ಓದು ಬರಬೇಕಿತ್ತಾ?"

ಹೆದರಿ ಆಡಿದೆ ಎಂದು ಕಾಜಮ್ಮ ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಆದರೆ ನಿಜ ಅಷ್ಟೇ ಅಲ್ಲ, ಕಿಟಕಿಯ ಬೆಳಕು ಆ ಕ್ಷಣ ತನ್ನ ಕಣ್ಣ ಮುಂದೆ ಹಾದುಹೋಗಿತ್ತೋ ಇಲ್ಲವೋ ಎಂಬುದು ಅವಳಿಗೇ ಈಗ ಖಾತ್ರಿಯಿರಲಿಲ್ಲ.

ಉದ್ದಕ್ಕ ಕೋಟನ್ನು ತನ್ನ ಕಡೆಗೆ ಎಳೆದುಕೊಂಡು ಕಾಲರಿನ ಸುಕ್ಕನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಇಷ್ಟು ಒಳ್ಳೆ ಉಣ್ಣೆಗೆ ಹೀಗಾ ಇಸ್ತ್ರಿ ಹಾಕೋದು? ಬಿಟ್ಟು ಹೋಗು. ಗುರುವಾರ ಬಾ. ಚೀಲದ ಮಾತು ಅವತ್ತು ಹೇಳುವಿಯಂತೆ, ಯೋಚನೆ ಮಾಡ್ಕೊಂಡು ಬಾ."

ಚೀಟಿಯೊಂದರ ಎರಡೂ ತುದಿಯಲ್ಲಿ ಒಂದೇ ಅಂಕಿ ಬರೆದು, ನಡುವೆ ಹರಿದು, ಒಂದರ್ಧವನ್ನು ಕಾಲರಿಗೆ ಚುಚ್ಚಿದಳು. ಇನ್ನೊಂದರ್ಧವನ್ನು ಮುಖ ನೋಡದೆ ಚಾಚಿದಳು. ಕಾಜಮ್ಮ ಅದನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ಬಂದಳು. ಕೋಟಿಲ್ಲದ ಮೈಗೆ ಚಳಿ ಹೊಕ್ಕಿತು. ಮೆಟ್ಟಿಲಿನ ನಡುವೆ ನಿಂತು ಚೀಟಿ ಬಿಡಿಸಿದಳು. ಕನ್ನಡಕ ಸರಿಪಡಿಸಿಕೊಂಡು, ಬಾಲ ಎತ್ತ ತಿರುಗಿದೆ ಎಂದು ಎರಡು ಸಲ ನೋಡಿದಳು.

ಆರು.